ಅಭ್ಯಾಸದ ಕೈ

ಬಿಳಿ ಅಂಗಿಯ ಕಾಲರಿನ ಮೇಲೆ ರಕ್ತದ ಚುಕ್ಕೆ ಕಂಡಾಗಲೇ ದರ್ಜಿಗೆ ಗೊತ್ತಾದದ್ದು, ಸೂಜಿ ತನ್ನ ಬೆರಳಿಗೆ ಚುಚ್ಚಿದೆ ಎಂದು. ನೋವೇನೂ ಇರಲಿಲ್ಲ. ಬೇರೆ ಯಾರದೋ ಬೆರಳೆಂಬಂತೆ ಅದನ್ನು ಬಟ್ಟೆಯ ಚೂರಿನಿಂದ ಒರೆಸಿದ. ಹೊಲಿಗೆ ಯಂತ್ರದ ಪೆಡಲ್ ಮೇಲೆ ಕಾಲು ಇದೆಯೋ ಇಲ್ಲವೋ ಎಂಬುದನ್ನೂ ಈಗೀಗ ಬಗ್ಗಿ ನೋಡಿಯೇ ತಿಳಿಯಬೇಕಿತ್ತು.

ಹೊಟ್ಟೆಯ ಕ್ಯಾನ್ಸರಿಗೆ ಅವನು ತೆಗೆದುಕೊಳ್ಳುತ್ತಿದ್ದದ್ದು ಇನ್ನೂ ಅಂಗಡಿಗೆ ಬಾರದ ಔಷಧಿ. ಮೊದಲು ಕೆಲವೇ ಜನರಿಗೆ ಕೊಟ್ಟು ನೋಡಿಯಾಗಿತ್ತು. ಈಗ ನಲವತ್ತು ಜನರಿಗೆ ಕೊಟ್ಟು, ಎಷ್ಟು ಕೊಟ್ಟರೆ ಗುಣ, ಎಷ್ಟು ಕೊಟ್ಟರೆ ಅಪಾಯ ಎಂದು ಕಂಡುಕೊಳ್ಳುವ ಎರಡನೆಯ ಹಂತ. ಮೂರು ತಿಂಗಳಲ್ಲಿ ದರ್ಜಿಯ ಗೆಡ್ಡೆ ಅರ್ಧಕ್ಕೆ ಇಳಿದಿತ್ತು. ಡಾಕ್ಟರು ಆ ಸುದ್ದಿ ಹೇಳಿದ ದಿನ ಹೆಂಡತಿ ಗಳಗಳನೆ ಅತ್ತಳು. ಅವನಿಗೆ ಸಂತೋಷವೂ ಆಗಲಿಲ್ಲ. ಬೆರಳುಗಳ ಜೊತೆ ಮನಸ್ಸೂ ಮರಗಟ್ಟಿತ್ತು.

“ಇವತ್ತು ಆಸ್ಪತ್ರೇಲಿ ಹೇಳಿಬಿಡ್ಲಾ?” ಎಂದ.

“ಬಾಯಿ ಮುಚ್ಕೊಂಡಿರಿ. ಜೋಮು ಜಾಸ್ತಿ ಆದ್ರೆ ಔಷಧಿ ನಿಲ್ಲಿಸ್ತಾರೆ ಅಂತ ನೀವು ಸಹಿ ಹಾಕಿದ ಫಾರಮಲ್ಲೇ ಇದೆ. ಬೆರಳು ಹೋದ್ರೆ ಹೋಗ್ಲಿ, ನೀವಿದ್ರೆ ಸಾಕು ನಂಗೆ,” ಎಂದಳು ಹೆಂಡತಿ. ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಯಾರಿಗಾದರೂ ಕಷ್ಟವೇ.

ಆಸ್ಪತ್ರೆಯಲ್ಲಿ ನರ್ಸ್ ಎಂದಿನಂತೆ ಒಂದು ಅಂಗಿ ಕೊಟ್ಟು ಗುಂಡಿ ಹಾಕಿ ತೆಗೆಯಲು ಹೇಳಿದಳು. ಬೆರಳಿಗೆ ಸ್ಪರ್ಶ ಇದೆಯೋ ಎಂದು ನೋಡುವ ಪರೀಕ್ಷೆ ಅದು. ಪಾಪ, ಅದನ್ನು ಯೋಚಿಸಿದವರು ದರ್ಜಿಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂವತ್ತು ವರ್ಷ ಗುಂಡಿ ಹೊಲಿದ ಕೈ ಸರಸರನೆ ಕೆಲಸ ಮುಗಿಸಿತು.

“ನಾನೂ ಇಷ್ಟು ಬೇಗ ಹಾಕಲ್ಲ ಬಿಡಿ,” ಎಂದು ನಕ್ಕು, ‘ತೊಂದರೆ ಇಲ್ಲ’ ಎಂದು ಬರೆದುಕೊಂಡಳು.

ಹೊರಗಿನ ಬೆಂಚಿನಲ್ಲಿ ಒಬ್ಬ ದಪ್ಪ ಮೀಸೆಯವನು ತೊಡೆಯ ಮೇಲೆ ಫಾರಂ ಇಟ್ಟುಕೊಂಡು ಕೂತಿದ್ದ.

“ಅಣ್ಣಾ, ನೀವೂ ಇದೇ ಔಷಧೀನಾ? ಸೋಮವಾರದಿಂದ ನಂಗೂ ಶುರು. ನಾನು ಬಸ್ ಡ್ರೈವರ್. ಇದ್ರಲ್ಲಿ ಜೋಮು ಅಂತ ಬರೆದಿದೆ, ಕೈಕಾಲಿಗೆ ನಿಜವಾಗ್ಲೂ ಏನಾದ್ರೂ ಆಗತ್ತಾ ಅಂತ ಒಳಗೆ ಕೇಳ್ದೆ. ಇಲ್ಲೀವರೆಗೆ ಯಾರೂ ಹಂಗೆ ಹೇಳಿಲ್ಲ ಅಂದ್ರು. ಹಂಗಾದ್ರೆ ಕೆಲಸಕ್ಕೆ ಹೋಗ್ಬೋದು, ಅಲ್ವಾ?”

ದರ್ಜಿ ಅವನ ಮುಖ ನೋಡಲಿಲ್ಲ, ಕಾಲು ನೋಡಿದ. “ಬಸ್ಸಲ್ಲಿ ಎಷ್ಟು ಜನ ಇರ್ತಾರೆ?”

“ಕೂರೋರು ಐವತ್ತು. ನಿಲ್ಲೋರನ್ನ ಎಣಿಸಿದೋರ್ಯಾರು!”

ಎಷ್ಟೋ ದಿನಗಳ ಮೇಲೆ ದರ್ಜಿಗೆ ಹೆದರಿಕೆಯಾಯಿತು. ಈ ಬಾರಿ ಅದು ತನ್ನ ಹೊಟ್ಟೆಯ ಬಗ್ಗೆ ಆಗಿರಲಿಲ್ಲ.

“ಸಹಿ ಹಾಕೋಕೆ ಮುಂಚೆ ಸ್ವಲ್ಪ ತಡೀರಿ,” ಎಂದು ಹೇಳಿ ಮತ್ತೆ ಒಳಗೆ ಹೋದ.

“ಏನಾದ್ರೂ ಮರೆತ್ರಾ?” ಎಂದಳು ನರ್ಸ್.

“ಬರೆದದ್ದು ಹೊಡೆದ್ಹಾಕಿ ಸಿಸ್ಟರ್. ಎರಡು ತಿಂಗಳಿಂದ ನಂಗೆ ಕೈಕಾಲಲ್ಲಿ ಏನೂ ತಿಳೀತಿಲ್ಲ.”

“ಮತ್ತೆ ಗುಂಡಿ ಹಾಕಿದ್ರಲ್ಲ?”

“ಅದು ಅಭ್ಯಾಸದ ಕೈ. ಬೇರೆ ಏನಾದ್ರೂ ಕೊಟ್ಟು ನೋಡಿ.”

ಅವಳು ಬರೆದಿಟ್ಟ ಹಾಳೆಯನ್ನು ಮತ್ತೆ ಮುಂದಕ್ಕೆಳೆದುಕೊಂಡಳು. “ಡಾಕ್ಟರು ಔಷಧಿ ಕಡಿಮೆ ಮಾಡ್ಬೋದು. ನಿಲ್ಲಿಸ್ಲೂಬೋದು. ಯೋಚ್ನೆ ಮಾಡಿದೀರಾ?”

“ಯೋಚ್ನೆ ಮಾಡ್ತಾ ಕೂತ್ರೆ ಹೇಳೋಕಾಗಲ್ಲ ಸಿಸ್ಟರ್. ಮನೇಲಿ ಹೆಂಡತಿ ಇದಾಳೆ. ಹೊರಗೆ ಆ ಡ್ರೈವರ್ ಇದಾರೆ, ಅವ್ರಿಗೂ ಹೇಳಿ.”

ನರ್ಸ್ ಪೆನ್ನು ಕೈಗೆತ್ತಿಕೊಂಡಳು. “ಕಣ್ಣು ಮುಚ್ಚಿ, ಬೆರಳು ಚಾಚಿ. ನಾನು ಇಟ್ಟದ್ದು ಏನು ಅಂತ ಹೇಳ್ಬೇಕು.”

ದರ್ಜಿ ಕಣ್ಣು ಮುಚ್ಚಿ ಕೈ ಚಾಚಿದ. ಕಾದ. ಹೊರಗೆ ಯಾರೋ ಕೆಮ್ಮಿದರು. ಇವಳು ಇಷ್ಟೇಕೆ ತಡಮಾಡುತ್ತಾಳೆ ಎನಿಸಿತು.

“ಇಡಿ ಸಿಸ್ಟರ್,” ಎಂದ.

ಕಣ್ಣು ಬಿಟ್ಟು ನೋಡಿದರೆ ಪೆನ್ನಿನ ಮುಚ್ಚಳ ಅವನ ಬೆರಳುಗಳ ಮೇಲಿತ್ತು. ಅವಳು ಆಗಲೇ ಬರೆಯತೊಡಗಿದ್ದಳು.