ಒಂದೇ ಮನೆಯ ಪ್ಯಾದೆ

"ಏನ್ರೀ ಇದು! ಪ್ಯಾದಿ ಎರಡು ಮನಿ ಹ್ಯಾಂಗ ಹೋಗ್ತದ್ರಿ? ಮೋಸ ಅದ!"

ಭಾಲ್ಕಿಯ ಗುಂಡಮ್ಮ ಎದ್ದೇ ನಿಂತಳು. ಎದುರಿಗೆ ಕೂತ ಬೀದರಿನ ವೈಜಿನಾಥ ಕಿಸಕ್ಕನೆ ನಕ್ಕ. ಬೀದರಿನಲ್ಲಿ ನಡೆದ ಜಿಲ್ಲೆಯ ಕಿರಿಯರ ಬುದ್ಧಿಬಳದ, ಅಂದರೆ ಚದುರಂಗದ, ಚಾಂಪಿಯನ್‌ಷಿಪ್ಪಿಗೆ ಔರಾದಿನವರು ಬರಲೇ ಇಲ್ಲ. ಹಾಗಾಗಿ ಇವರಿಬ್ಬರದೇ ಮೊದಲ ಆಟ, ಇವರಿಬ್ಬರದೇ ಕೊನೆಯ ಆಟ.

"ಈಗ ಹೊಸಾ ಕಾಯ್ದೆ ಅದವ್ವ," ಎಂದರು ತೀರ್ಪು ಹೇಳುವ ಪಂಚರಾಗಿ ಕೂತ ಮಾಸ್ತರು. "ಪ್ಯಾದಿ ಮೊದಲನೇ ಸಲ ಎರಡು ಮನಿ ಹೋಗಬಹುದು. ನಿನಗ ಕಲಿಸಿದವರು ಹೇಳಿಲ್ಲೇನು?"

ಬಾಗಿಲ ಬಳಿ ನಿಂತಿದ್ದ ಉಸ್ಮಾನ ಮಿಯಾರಿಗೆ ನೆಲ ಬಾಯ್ಬಿಟ್ಟರೆ ಸಾಕೆನಿಸಿತು. ಕಲಿಸಿದವರು ಅವರೇ. ನಿಜಾಮರ ಕಚೇರಿಯಲ್ಲಿ ಮುನ್ಶಿಯಾಗಿದ್ದಾಗ ಕಲಿತ ಹಳೆಯ ಆಟ. ಅದರಲ್ಲಿ ಕಾಲಾಳು ಪ್ಯಾದೆಗೆ ಯಾವಾಗಲೂ ಒಂದೇ ಮನೆ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದು ನಾಲ್ಕು ವರ್ಷ. ಕಚೇರಿ ಹೋಯಿತು, ಕಾಗದದ ಭಾಷೆ ಬದಲಾಯಿತು, ದೋಸ್ತರು ಊರೇ ಬಿಟ್ಟರು. ಹಾಳಾದ್ದು, ಪ್ಯಾದೆಯೂ ಬದಲಾಗಬೇಕೇ! ಈಗ ಅವರ ಹೊಸ್ತಿಲು ತುಳಿಯುವವಳು ಈ ಹುಡುಗಿ ಒಬ್ಬಳೇ. ಅವಳಪ್ಪ ಶಿವರಾಜಪ್ಪ ಕಡ್ಡಿ ಮುರಿದಂತೆ ಹೇಳಿದ್ದ: "ಗೆದ್ದರ ಹೈದರಾಬಾದಿನ ಆಟಕ್ಕ ಕಳಸ್ತೇನಿ. ಸೋತರ ಇವತ್ತಿಗೇ ಬಂದ್. ಹೆಣ್ಣುಹುಡುಗಿ, ಇಷ್ಟಾಡಿದ್ದು ಸಾಕು."

"ಬೇಟಿ, ತಪ್ಪು ನಂದದ," ಎಂದರು ಮಿಯಾ. "ನಡಿ ಮನಿಗಿ."

ಗುಂಡಮ್ಮ ತಿರುಗಿಯೂ ನೋಡಲಿಲ್ಲ. "ಮಾಸ್ತರ್ರೀ, ಎರಡು ಹೋಗಲೇಬೇಕಂತ ಏನಿಲ್ಲಲ್ರಿ?"

"ಇಲ್ಲವ್ವ. ಒಂದು ಹೋದರೂ ನಡೀತದ."

ಅವಳು ಕೂತಳು. ಒಂದು ಪ್ಯಾದೆ, ಒಂದೇ ಮನೆ. ಮತ್ತೊಂದು, ಅದೂ ಒಂದೇ. ಈ ಆಮೆನಡಿಗೆಯ ಆರಂಭ ನೋಡಿ ವೈಜಿನಾಥನ ತಾಳ್ಮೆ ಕೆಟ್ಟಿತು; ವಜೀರನನ್ನು ನುಗ್ಗಿಸಿ ಒಂದು ಪ್ಯಾದೆ ಕಬಳಿಸಿದ. ಹಿಂದಕ್ಕೆ ಬರೋಣವೆಂದರೆ ದಾರಿ ತುಂಬ ಅವಳ ಪ್ಯಾದೆಗಳೇ ಕಾದಿದ್ದವು. ವಜೀರ ಹೋದ. ಅರ್ಧ ಗಂಟೆಗೆ ರಾಜನೂ ಮೂಲೆ ಸೇರಿ ಸಿಕ್ಕಿಬಿದ್ದ.

"ಶಾಬಾಸ್!" ಎಂದು ಕೂಗಿದ ಮಿಯಾ ತಮ್ಮ ದನಿಗೆ ತಾವೇ ಬೆಚ್ಚಿದರು. ಅಷ್ಟು ದೊಡ್ಡದಾಗಿ ಮಾತಾಡಿ ಎಷ್ಟು ಕಾಲವಾಗಿತ್ತೋ!

ವೈಜಿನಾಥ ಕಣ್ಣೊರೆಸಿಕೊಂಡು, ಹಲಗೆ ಎತ್ತಿಕೊಂಡು ನೇರ ಅವರ ಹತ್ತಿರವೇ ಬಂದ. "ಚಾಚಾ, ಈ ಶುರುವಾತ ನನಗೂ ಕಲಿಸ್ರಿ."

ಮಿಯಾ ಮೆಟ್ಟಿಲ ಮೇಲೆ ಕೂತರು. "ಕಲಿಸ್ತೇನಿ ಬೇಟಾ. ಮೊದಲು ನೀ ನನಗ ಹೊಸಾ ಕಾಯ್ದೆ ಎಲ್ಲಾ ಹೇಳು. ನಮಗ ಹೈದರಾಬಾದಿಗಿ ಹೋಗೋದದ."

ಗುಂಡಮ್ಮನೂ ಬಂದು ಕೂತಳು. ಮೂರು ತಲೆಗಳು ಹಲಗೆಯ ಮೇಲೆ ಬಾಗಿದವು. ರಸ್ತೆಯಲ್ಲಿ ನಿಂತಿದ್ದ ಭಾಲ್ಕಿಯ ಬಸ್ಸು ಹಾರ್ನ್ ಹೊಡೆದು ಹೊಡೆದು, ಕೊನೆಗೆ ಹೊರಟೇ ಹೋಯಿತು.