ಹೊಲಿದು ಮುಚ್ಚಿದ ತೂತು

ಇಂಗ್ಲೆಂಡಿನ ಶೆಫೀಲ್ಡ್ ಊರಿನ ಬ್ರೂಮ್‌ಹಿಲ್‌ನಲ್ಲಿ ನಮ್ಮ ಕನ್ನಡದವರ ಮನೆಗಳಿಗೆಲ್ಲ ಒಂದೇ ರೋಗ. ಜಾಗ ಸಾಲುವುದಿಲ್ಲ. ವಾರಕ್ಕೊಮ್ಮೆ ಬಾಗಿಲ ಸಂದಿಯಿಂದ ಚಾರಿಟಿಯವರ ಪ್ಲಾಸ್ಟಿಕ್ ಚೀಲ ಒಳಗೆ ಬೀಳುತ್ತದೆ. ಹಳೆಯ ಬಟ್ಟೆ ತುಂಬಿ ಹೊರಗಿಡಿ, ನಾವು ಒಯ್ಯುತ್ತೇವೆ ಎಂದು ಅದರ ಮೇಲೆ ಬರೆದಿರುತ್ತದೆ. ಡಾಕ್ಟರ್ ಹಂಸಾಳ ಮನೆಯಲ್ಲಿ ಅತ್ತೆ ಸೊಸೆಗೆ ಜಗಳ ಶುರುವಾಗುವುದು ಈ ಚೀಲದಿಂದಲೇ.

"ಅತ್ತೆ, ಈ ಶರ್ಟ್ ಯಾರೂ ಹಾಕಲ್ಲ. ಕಾಲರ್ ಬೇರೆ ಹರಿದಿದೆ. ಕೊಟ್ಟುಬಿಡೋಣ."

"ಇರಲಿ ಬಿಡವಾ. ಕೌದಿಗೆ ಆಗ್ತದ."

ಸೊಸೆ ಚೀಲಕ್ಕೆ ಹಾಕುವುದು, ಅತ್ತೆ ತೆಗೆಯುವುದು. ಆ ನೀಲಿ ಚೌಕಳಿ ಅಂಗಿ ಎರಡು ಸಲ ಚೀಲದೊಳಗೆ ಹೋಗಿ ವಾಪಸು ಬಂದಿತ್ತು. ಯಾರದು ಎಂದು ಸೊಸೆ ಕೇಳಲಿಲ್ಲ. ಅತ್ತೆ ಹೇಳಲೂ ಇಲ್ಲ.

ನಾನು ಲೀಲಾಕ್ಷಿ, ಉಡುಪಿ ಕಡೆಯವಳು. ಎದುರು ಮನೆಯಲ್ಲಿದ್ದೇನೆ. ನಮ್ಮ ಲೈಬ್ರರಿಯಲ್ಲಿ ಸಂಬಳವಿಲ್ಲದ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ಬೇರೆ ದೇಶಗಳಿಂದ ಬಂದು ಈ ಊರಲ್ಲಿ ನೆಲೆಸಿದವರ ಮನೆಯಿಂದ ಒಂದೊಂದು ವಸ್ತು ತರಿಸುವುದು, ಅದಕ್ಕೊಂದು ಚೀಟಿ ಕಟ್ಟಿ ಪ್ರದರ್ಶನಕ್ಕೆ ಇಡುವುದು. ಚೀಟಿಯಲ್ಲಿ ನಾಲ್ಕೇ ಪ್ರಶ್ನೆ. ಇದು ಯಾರದು? ಯಾರು ಮಾಡಿದ್ದು? ಯಾವಾಗ? ಯಾಕೆ ಇಟ್ಟುಕೊಂಡಿದ್ದೀರಿ?

ಹಂಸಾಳ ಅತ್ತೆ ದಾಕ್ಷಾಯಣಮ್ಮ ಧಾರವಾಡದವರು. ಹಳೆಯ ಬಟ್ಟೆಯ ತುಂಡು ಸೇರಿಸಿ ಹೊದೆಯುವ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ನನ್ನ ಚೀಟಿಗಳನ್ನು ನೋಡಿ ಅವರು ನಕ್ಕರು.

"ಅರಿವಿಗೆ ಎಂಥಾ ಚೀಟಿ ಲೀಲಾ? ಅದೇನು ಔಷಧದ ಬಾಟ್ಲಿ ಏನು? ಮನೀ ಮಂದಿಗೆ ಗೊತ್ತಿರ್ತದ, ಸಾಕು."

ಅವರ ಪಕ್ಕದ ಮನೆಯಲ್ಲಿ ಎಲಿಯಾನಾ ಇದ್ದಾರೆ. ವಯಸ್ಸು ಎಪ್ಪತ್ತೊಂಬತ್ತು. ನಮ್ಮವರ ಬಾಯಲ್ಲಿ ಅವರು ಬರೀ 'ಸ್ಪ್ಯಾನಿಷ್ ಅಜ್ಜಿ'. ನಿಜವಾಗಿ ಅವರು ದಕ್ಷಿಣ ಅಮೆರಿಕದ ಚಿಲಿ ದೇಶದವರು. ಅಲ್ಲಿ ೧೯೭೩ರಲ್ಲಿ ಸೈನ್ಯ ಸರ್ಕಾರವನ್ನು ಕಿತ್ತುಹಾಕಿತು. ಸಾವಿರಾರು ಜನ ದೇಶ ಬಿಟ್ಟರು. ಕೆಲವರು ಶೆಫೀಲ್ಡಿಗೂ ಬಂದರು. ಉಕ್ಕಿನ ಕಾರ್ಖಾನೆಯ ಯೂನಿಯನ್ನಿನವರು, ಚರ್ಚಿನವರು ಎಲಿಯಾನಾ ದಂಪತಿಗೆ ಮನೆ ಹುಡುಕಿಕೊಟ್ಟರಂತೆ. ಬಾಡಿಗೆ ಸಭಾಂಗಣದಲ್ಲಿ ಚಿಲಿಯವರೆಲ್ಲ ಸೇರಿ ಗಿಟಾರ್ ಬಾರಿಸುತ್ತಿದ್ದರು, ನಮ್ಮ ಕರ್ಜಿಕಾಯಿಯ ಆಕಾರದ ಎಂಪನಾಡಾ ಮಾಡಿ ಹಂಚುತ್ತಿದ್ದರು. ಐವತ್ತು ವರ್ಷದ ಈ ಚರಿತ್ರೆ ನಮ್ಮ ಬೇಲಿಯ ಆಚೆಗೇ ಇತ್ತು. ನಾವು ಕೇಳಿರಲಿಲ್ಲ, ಅಷ್ಟೆ.

ಎಲಿಯಾನಾ ಪ್ರದರ್ಶನಕ್ಕೆ ಒಂದು ಬಟ್ಟೆ ಕೊಡುತ್ತೇನೆಂದರು. ಗೋಣಿತಟ್ಟಿನ ಮೇಲೆ ಹಳೆಯ ಬಟ್ಟೆಯ ತುಂಡುಗಳನ್ನು ಹೊಲಿದು ಮಾಡಿದ ಚಿತ್ರ. ಒಂದು ಮೇಜು, ಐದು ಕುರ್ಚಿ, ಊಟಕ್ಕೆ ಕೂತ ನಾಲ್ಕು ಜನ. ಐದನೆಯ ಕುರ್ಚಿಯ ಮೇಲೆ ಒಂದು ದೊಡ್ಡ ತೂತು. "ಚೀಟಿ ಆಮೇಲೆ ಬರೆಯೋಣ" ಎಂದೆ ನಾನು. ಮೂರು ವಾರ ಹಾಗೇ ತಳ್ಳಿದೆ. ಊರಿಗೆಲ್ಲ ಚೀಟಿಯ ಉಪದೇಶ ಮಾಡುವವಳು ನಾನೇ!

ಬಟ್ಟೆಯ ಅಂಚು ಬಿಚ್ಚಿಕೊಂಡಿತ್ತು. ಲೀಡ್ಸಿನ ಮಗಳ ಮನೆಗೆ ಹೊರಟ ಎಲಿಯಾನಾ ಅದನ್ನು ದಾಕ್ಷಾಯಣಮ್ಮನ ಕೈಗಿತ್ತು, ಅಂಚಿನುದ್ದಕ್ಕೂ ಬೆರಳಾಡಿಸಿ ತೋರಿಸಿದರು. ದಾಕ್ಷಾಯಣಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಬೇಲಿಯ ಮೇಲಿಂದ ಕೊತ್ತಂಬರಿ, ಚಟ್ನಿಪುಡಿ ಕೈ ಬದಲಾಯಿಸುತ್ತ ನಾಲ್ಕು ವರ್ಷದ ಸ್ನೇಹ. ಅಂಚು ಹೊಲಿಯಬೇಕು ಎಂಬುದು ಅವರಿಗೆ ಅರ್ಥವಾಯಿತು.

ಆದರೆ ಕೌದಿ ಹೊಲಿಯುವ ಕೈ ಅಲ್ಲಿಗೆ ನಿಲ್ಲುತ್ತದೆಯೇ?

ಶುಕ್ರವಾರ ಸಂಜೆ ಎಲಿಯಾನಾ ಬಂದರು. ಮರುದಿನವೇ ಪ್ರದರ್ಶನ, ಹಾಗಾಗಿ ನಾನೂ ಹೋಗಿದ್ದೆ. ದಾಕ್ಷಾಯಣಮ್ಮ ಸಂಭ್ರಮದಿಂದ ಬಟ್ಟೆ ಬಿಡಿಸಿ ಹಾಸಿದರು. ಐದನೆಯ ಕುರ್ಚಿಯ ಮೇಲೆ ನೀಲಿ ಚೌಕಳಿ ಬಟ್ಟೆಯಲ್ಲಿ ಹೊಲಿದ ಒಬ್ಬ ಮನುಷ್ಯ ಕೂತಿದ್ದ. ತೂತೇ ಇರಲಿಲ್ಲ.

"ಎಷ್ಟು ಚಂದ ಆಗಿದೆ ಮಾರಾಯ್ರೆ!" ಎಂದುಬಿಟ್ಟೆ.

ಎಲಿಯಾನಾ ಬಟ್ಟೆ ನೋಡಿದರು. ನಮ್ಮನ್ನು ನೋಡಿದರು. "ನೋ, ನೋ" ಎನ್ನುತ್ತ ಸೋಫಾದ ಮೇಲೆ ಕುಸಿದರು. ಅಳತೊಡಗಿದರು.

"ಏನಾತು? ಬಣ್ಣ ಸರಿ ಬರಲಿಲ್ಲೇನು?" ದಾಕ್ಷಾಯಣಮ್ಮ ನನ್ನ ಮುಖ ನೋಡಿದರು. ನನಗೂ ತಲೆಬುಡ ತಿಳಿಯಲಿಲ್ಲ. ಹಂಸಾ ಓಡಿಬಂದು ಎಲಿಯಾನಾರ ನಾಡಿ ಹಿಡಿದಳು. ಅವಳಿಗೆ ಅದು ಬಿಪಿ ಇರಬೇಕು ಎಂದು ಅನುಮಾನ. ತೂತು ಮುಚ್ಚಿದ್ದಕ್ಕೆ ಯಾರಾದರೂ ಅಳುತ್ತಾರೆಯೇ?

ನೀರು ಕುಡಿದ ಮೇಲೆ ಎಲಿಯಾನಾ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ನಾನು ಕನ್ನಡದಲ್ಲಿ ಹೇಳುತ್ತ ಹೋದೆ.

"ಇದು ನನ್ನ ಅಮ್ಮ ಹೊಲಿದದ್ದು. ಸೈನಿಕರು ನನ್ನ ತಮ್ಮನನ್ನು ಕರೆದುಕೊಂಡು ಹೋದರು. ಅವನು ಮತ್ತೆ ಬರಲಿಲ್ಲ. ಸತ್ತ ಅಂತಲೂ ಯಾರೂ ಹೇಳಲಿಲ್ಲ. ಹಾಗೆ ಮನೆಯವರನ್ನು ಕಳೆದುಕೊಂಡ ಹೆಂಗಸರು ಚರ್ಚಿನಲ್ಲಿ ಕೂತು ಇಂಥ ಚಿತ್ರ ಹೊಲೀತಿದ್ದರು. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅದಕ್ಕೇ ಬಟ್ಟೆಯಲ್ಲಿ ಹೇಳಿ ಹೊರದೇಶಕ್ಕೆ ಕಳಿಸಿದರು. ಅಮ್ಮ ಆ ಕುರ್ಚಿಯ ಜಾಗ ಬೇಕೆಂದೇ ಕತ್ತರಿಸಿದಳು. ಅವನು ಬರುವವರೆಗೆ ಅಲ್ಲಿ ಯಾರೂ ಕೂರಬಾರದು ಅಂತ."

ದಾಕ್ಷಾಯಣಮ್ಮನ ಮುಖ ಕಪ್ಪಿಟ್ಟಿತು.

"ನನಗ ತಿಳೀಲಿಲ್ಲವಾ. ತೂತ ಬಿಟ್ಟು ಕೌದಿ ಕೊಡಬಾರದು ಅಂತ ನಮ್ಮಜ್ಜಿ ಕಲಿಸಿದ್ಲು. ಮನೀ ಮಂದಿ ಉಟ್ಟ ಅರಿವಿ ಹಚ್ಚಿದ್ರ ಒಳ್ಳೇದು ಅಂತ ನಾನೂ ಛಲೋದೇ ಹಾಕಿದ್ದೆ." ಸೂಜಿ ಡಬ್ಬಿ ಎಳೆದುಕೊಂಡರು. "ಬಿಚ್ಚತೇನಿ. ಈಗಿಂದೀಗ ಬಿಚ್ಚತೇನಿ."

"ಬೇಡ ಅತ್ತೆ, ಐವತ್ತು ವರ್ಷದ ಬಟ್ಟೆ. ಎಳೆದರೆ ಹರಿದೇ ಹೋಗತ್ತೆ" ಎಂದಳು ಹಂಸಾ.

ಅದೇ ಭಯ ನನಗೂ ಇತ್ತು. ಹರಿದರೆ ಆ ತಾಯಿಯ ಹೊಲಿಗೆಯೇ ಹೋದಂತೆ. ದಾಕ್ಷಾಯಣಮ್ಮ ಕನ್ನಡಕ ಏರಿಸಿ, ತಾವು ಹಾಕಿದ ಒಂದೊಂದು ಎಳೆಯನ್ನೂ ಸೂಜಿಯ ತುದಿಯಿಂದ ಎತ್ತಿ ಎತ್ತಿ ಕತ್ತರಿಸಿದರು. ಎಲಿಯಾನಾ ಎದುರು ಕೂತು ಗೋಣಿತಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ಕೊನೆಯ ಎಳೆ ಬಂದಾಗ ಬಟ್ಟೆ ಹರಿದಿರಲಿಲ್ಲ. ತಮ್ಮನ ಜಾಗ ಮತ್ತೆ ಖಾಲಿಯಾಯಿತು. ಎಲಿಯಾನಾ ಅದರ ಸುತ್ತ ಬೆರಳಾಡಿಸಿ ದಾಕ್ಷಾಯಣಮ್ಮನ ಕೈ ಹಿಡಿದುಕೊಂಡರು.

ಆಮೇಲೆ ಬಿಚ್ಚಿದ ನೀಲಿ ತುಂಡನ್ನು ಎತ್ತಿ ಕೇಳಿದರು: "ಇದು ಯಾರದು?"

ನನ್ನ ಚೀಟಿಯ ಮೊದಲನೆಯ ಪ್ರಶ್ನೆ! ನಾನು ಕನ್ನಡದಲ್ಲಿ ಕೇಳಿದೆ.

ದಾಕ್ಷಾಯಣಮ್ಮ ಆ ತುಂಡನ್ನು ಕೈಗೆ ತೆಗೆದುಕೊಂಡರು. "ನಮ್ಮ ಮನಿಯವರದು. ದವಾಖಾನಿಗೆ ಹೋಗೂ ಮುಂದ ಇದನ್ನ ಹಾಕ್ಕೊಂಡು ಹೋಗಿದ್ರು. ಅಂಗಿ ವಾಪಸ್ ಬಂತು. ಅವರು ಬರಲಿಲ್ಲ."

ಹಂಸಾ ನಿಂತಲ್ಲೇ ನಿಂತಳು. ಮಾವ ತೀರಿಕೊಂಡದ್ದು ಅವಳ ಮದುವೆಗೆ ಮೊದಲು. ಅವಳು ಅವರನ್ನು ನೋಡಿದವಳೇ ಅಲ್ಲ.

"ಅತ್ತೆ, ಎರಡು ಸಲ ಚೀಲಕ್ಕೆ ಹಾಕಿದ್ದೆನಲ್ಲ ನಾನು. ಒಂದು ಮಾತು ಹೇಳಬಾರದಿತ್ತಾ?"

"ನೀ ಕೇಳಬಾರದಿತ್ತಾ?" ಎಂದ ದಾಕ್ಷಾಯಣಮ್ಮ ಸೊಸೆಯ ತಲೆ ಸವರಿದರು. ನನ್ನ ಕಡೆ ತಿರುಗಿ ಕೈ ಚಾಚಿದರು. "ಕೊಡವಾ ಲೀಲಾ, ನಿನ್ನ ಚೀಟಿ ಎರಡು ಕೊಡು. ಅವರದೊಂದು, ನಮ್ಮದೊಂದು."

ಶನಿವಾರ ಲೈಬ್ರರಿಯ ಬಿಳಿ ಗೋಡೆಯ ಮೇಲೆ ಎಲಿಯಾನಾರ ಬಟ್ಟೆ ತೂತಿನ ಸಮೇತ ತೂಗಿತು. ಪಕ್ಕದಲ್ಲಿ ಕಾಲರ್ ಹರಿದ, ಬೆನ್ನಲ್ಲೊಂದು ತುಂಡಿಲ್ಲದ ನೀಲಿ ಅಂಗಿ. ಅದರ ಚೀಟಿ ಕನ್ನಡದಲ್ಲಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಬರೆದವಳು ಹಂಸಾ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ವಾರವೂ ನಿಮ್ಮ ಬಾಗಿಲಿಂದ ಆ ಚೀಲ ಬೀಳುತ್ತದೆ. ತುಂಬುವ ಮೊದಲು ಮನೆಯ ಹಿರಿಯರ ಪಕ್ಕದಲ್ಲಿ ಹತ್ತು ನಿಮಿಷ ಕೂತು ಇದು ಯಾರದು ಎಂದು ಕೇಳಿ. ಬೇಲಿಯಾಚೆಯ ಅಜ್ಜಿಯನ್ನೂ ಕೇಳಿ. ಚಿಲಿಯವರಿರಲಿ, ಕೊಲಂಬಿಯಾದವರಿರಲಿ, ಹೇಳಲು ಅವರಿಗೂ ಏನಾದರೂ ಇದ್ದೇ ಇರುತ್ತದೆ. ಬರೆಯಲು ಬಾರದಿದ್ದರೆ ಫೋನಿನಲ್ಲಿ ದನಿ ಹಿಡಿದಿಡಿ. ಕನ್ನಡದಲ್ಲೇ ಇರಲಿ, ಅಡ್ಡಿಯಿಲ್ಲ. ನನ್ನ ಹಾಗೆ ಆಮೇಲೆ ಎನ್ನಬೇಡಿ.

ಮೊದಲು ಕೇಳಿ, ಚೀಟಿ ಕಟ್ಟಿ. ಚೀಲ ಮುಂದಿನ ವಾರವೂ ಬರುತ್ತದೆ.