ರಾಣಿಯನ್ನು ಕೊಡದ ಆಟ

ಹಾಸಿಗೆಯ ಚಾದರ ಮಡಿಸಲು ಇಬ್ಬರು ಬೇಕು. ಬಿಸಿ ರೋಲರಿನಿಂದ ಚಾದರ ನಾಲಿಗೆಯಂತೆ ಹೊರಚಾಚುವಾಗ ಒಂದು ಅಂಚನ್ನು ಇವಳು, ಇನ್ನೊಂದನ್ನು ದೊಡ್ಡಕ್ಕ ಹಿಡಿದು, ಒಮ್ಮೆ ಜಗ್ಗಿ, ಮೂಲೆಗೆ ಮೂಲೆ ಸೇರಿಸಿ, ಒಬ್ಬರ ಕಡೆಗೊಬ್ಬರು ನಡೆದುಬರುತ್ತಾರೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಯುವವರೆಗೂ ಇದೇ ನಡಿಗೆ. ಲಾಂಡ್ರಿಗೆಲ್ಲ ದೊಡ್ಡಕ್ಕ ಅವಳು, ಜಗ್ಗುವುದೇ ಜೋರು. ಅವಳು ಜಗ್ಗಿದಾಗ ಇವಳು ಸ್ವಲ್ಪ ಸಡಿಲ ಬಿಡಬೇಕು, ಇಲ್ಲದಿದ್ದರೆ ಚಾದರದ ಜೊತೆ ಇವಳೂ ಆ ಕಡೆ ಹೋಗಿ ಬೀಳುತ್ತಾಳೆ.

"ಕೈ ಸುಡ್ತಿಲ್ವೇನೇ ನಿಂಗೆ?" ಎಂದಳು ದೊಡ್ಡಕ್ಕ.

ಇವಳು ನೋಡಿಕೊಂಡಳು. ಹೆಬ್ಬೆರಳು ರೋಲರಿನ ಕಬ್ಬಿಣಕ್ಕೆ ತಾಗಿ ಕೆಂಪಾಗಿತ್ತು. ಗೊತ್ತೇ ಆಗಿರಲಿಲ್ಲ. ಅಮ್ಮ ತೀರಿಹೋದಾಗಿನಿಂದ ಹೀಗೇ. ಬಿಸಿ, ಹಸಿವು, ಯಾರೋ ಕರೆದದ್ದು, ಎಲ್ಲ ಪಕ್ಕದ ಮನೆಯಲ್ಲಿ ಆಗುತ್ತಿರುವ ಹಾಗೆ.

"ಜೋಪಾನ ಕಣೇ. ಮಧ್ಯಾಹ್ನ ಆಟದಲ್ಲಿ ಸೋತು, ಕೈ ಸುಟ್ಟಿತ್ತು ಅದಕ್ಕೇ ಅಂತ ನೆಪ ಹೇಳ್ಬೇಡ" ಎಂದು ದೊಡ್ಡಕ್ಕ ಹೊಟ್ಟೆ ಕುಣಿಸಿ ನಕ್ಕಳು.

ಆ ಲಾಂಡ್ರಿಯಲ್ಲಿ ಎಲ್ಲರಿಗೂ ವಾರಕ್ಕೊಂದು ಪಾಳಿ ಬದಲಾಗುತ್ತದೆ, ಒಬ್ಬರಿಗೆ ಮಾತ್ರ ವರ್ಷವಿಡೀ ಬೆಳಗಿನ ಪಾಳಿ. ಹಿಂದೆ ಅದಕ್ಕಾಗಿ ಜುಟ್ಟು ಜುಟ್ಟು ಹಿಡಿದ ಕಾಲವೂ ಇತ್ತಂತೆ. ಒಂದು ಸಲ ರೋಗಿಗಳ ಬಟ್ಟೆಯ ಗಂಟಿನೊಳಗೆ ಯಾರದೋ ಚೆಸ್ ಹಲಗೆ ಬಂತು. ಕೇಳಿಕೊಂಡು ಯಾರೂ ಬರಲಿಲ್ಲ. ಆಗಿನ ಮೇಸ್ತ್ರಿ ರೋಸಿಹೋಗಿ, "ಇದರಲ್ಲಿ ಗೆದ್ದವರಿಗೆ ಬೆಳಗಿನ ಪಾಳಿ, ಇನ್ನು ನನ್ನ ತಲೆ ತಿನ್ನಬೇಡಿ" ಎಂದುಬಿಟ್ಟ. ಅಂದಿನಿಂದ ವರ್ಷಕ್ಕೊಮ್ಮೆ ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ. ಕಳೆದುಹೋದ ಒಂದು ಆನೆಯ ಜಾಗದಲ್ಲಿ ದಾರದ ರೀಲು ನಿಂತಿದೆ. ಹೊಸಬರು ಮಾತ್ರ ಅದನ್ನು ನೋಡಿ ನಗುತ್ತಾರೆ.

ಇವಳ ಅಡ್ಡಹೆಸರು 'ಸಮಸಮ'. ಹಿಂದಿನ ವರ್ಷಗಳಲ್ಲಿ ಆಡಿದ ಆಟಗಳೆಲ್ಲ ಡ್ರಾ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಆಟ. ಅದು ಅಪ್ಪ ಕಲಿಸಿದ್ದು. ಅಪ್ಪ ಕೂತ ತಕ್ಷಣ ಕುದುರೆಗೆ ಕುದುರೆ, ರಾಣಿಗೆ ರಾಣಿ ಕೊಟ್ಟು ತೆಗೆದು ಹಲಗೆ ಗುಡಿಸಿಬಿಡುತ್ತಿದ್ದ. "ನಿಮ್ಮಮ್ಮ ಊಟಕ್ಕೆ ಕರೆಯೋದ್ರೊಳಗೆ ಮುಗೀಬೇಕು. ಅನ್ನ ಆರಿದ್ರೆ ಯಾರು ಬೈಸ್ಕೊಳ್ಳೋದು?" ಎನ್ನುತ್ತಿದ್ದ. ಕೊನೆಗೆ ಇಬ್ಬರು ರಾಜರು ಉಳಿಯುತ್ತಿದ್ದರು. ಅಪ್ಪ ಕೈ ಚಾಚುತ್ತಿದ್ದ, ಇವಳು ಕುಲುಕುತ್ತಿದ್ದಳು, ಒಳಗಿಂದ ಕರೆ ಬರುತ್ತಿತ್ತು.

ಈ ವರ್ಷ ಡ್ರಾ ಸಾಲದು. ನಡುವೆ ಎರಡು ಆಟ ಹೇಗೋ ಗೆಲುವಾಗಿ ಬಿದ್ದು, ಇವಳು ಎರಡನೆಯ ಸ್ಥಾನಕ್ಕೆ ಬಂದು ನಿಂತಿದ್ದಳು. ಅರ್ಧ ಅಂಕ ಮುಂದೆ ದೊಡ್ಡಕ್ಕ. ಇಂದು ಕೊನೆಯ ಆಟ ಅವಳ ಜೊತೆಗೇ. ಡ್ರಾ ಆದರೆ ಪಾಳಿ ದೊಡ್ಡಕ್ಕನಿಗೆ.

ಲಕ್ವ ಹೊಡೆದ ಅಪ್ಪನನ್ನು ಅಮ್ಮ ನೋಡಿಕೊಳ್ಳುತ್ತಿದ್ದಳು. ಈಗ ಮಧ್ಯಾಹ್ನದವರೆಗೆ ಪಕ್ಕದ ಮನೆಯ ಅತ್ತೆ ಬಂದು ಕೂರುತ್ತಾಳೆ, ಆಮೇಲೆ ಅವಳಿಗೂ ಅವಳ ಕೆಲಸ. ಚಿಕ್ಕಪ್ಪ ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದ: "ಮುಂದಿನ ವಾರ ನಿನ್ನ ಪಾಳಿ ಬದಲಾಗುತ್ತೆ. ಅಣ್ಣನ್ನ ಊರಾಚೆ ಆಶ್ರಯದ ಮನೆಗೆ ಸೇರಿಸ್ತೀನಮ್ಮ. ಬೇರೆ ದಾರಿ ಇದ್ರೆ ನೀನೇ ಹೇಳು." ಇವಳು ಏನೂ ಹೇಳಿರಲಿಲ್ಲ. ಲಾಂಡ್ರಿಯಲ್ಲೂ ಯಾರಿಗೂ ಹೇಳಿರಲಿಲ್ಲ. ಬಾಯಿ ಸತ್ತವಳು ಎಂದು ಅಮ್ಮ ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ.

ಪಾಳಿ ಮುಗಿದ ಗಂಟೆ ಬಾರಿಸಿತು. ಮಡಿಸುವ ಮೇಜಿನ ಮೇಲೆ ಹಲಗೆ ಬಂತು. ಬಾಯ್ಲರ್ ಮಾಮ ಮಸಿ ಕೈ ಒರೆಸಿಕೊಂಡು ಮುಂದೆ ಬಂದು ನಿಂತ. ಬಾಯ್ಲರ್ ನೋಡಿಕೊಳ್ಳುವುದಕ್ಕಿಂತ ಬೇರೆಯವರ ಆಟ ನೋಡುವುದೇ ಅವನಿಗೆ ಹೆಚ್ಚಿನ ಕೆಲಸ.

"ಸಮಸಮಾ, ಇವತ್ತು ನುಗ್ಗಬೇಕು ನೀನು. ಗೂಳಿ ನುಗ್ಗಿದ ಹಾಗೆ ನುಗ್ಗು!"

"ಗೂಳಿಯಂತೆ! ಇರುವೆಗೆ ದಾರಿ ಬಿಟ್ಟು ನಡೆಯೋ ಹುಡುಗಿ ಅದು. ನಿನ್ನ ಬಾಯ್ಲರ್ ನೋಡ್ಕೋ ಹೋಗು ಮಾರಾಯ" ಎಂದಳು ದೊಡ್ಡಕ್ಕ.

ನುಗ್ಗುವುದು ಇವಳ ಕೈಗೆ ಬರುವ ಕೆಲಸ ಅಲ್ಲ, ಅದು ಇವಳಿಗೂ ಗೊತ್ತಿತ್ತು. ಆದರೆ ಚಾದರ ಮಡಿಸುತ್ತಾ ಮಡಿಸುತ್ತಾ ಒಂದು ವಿಷಯ ಹೊಳೆದಿತ್ತು. ಡ್ರಾ ಬೇಕಾದವರು ಏನು ಮಾಡುತ್ತಾರೆ ಅನ್ನುವುದು ಇಲ್ಲಿ ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಯಿಗೆ ಕಾಯಿ ಕೊಟ್ಟು ಹಲಗೆ ಖಾಲಿ ಮಾಡುತ್ತಾರೆ. ಹಾಗಾದರೆ ಖಾಲಿಯಾಗಲು ಬಿಡಬಾರದು.

ಆಟ ಶುರುವಾಯಿತು. ದೊಡ್ಡಕ್ಕ ಸ್ವಭಾವಕ್ಕೆ ಹೊಡೆದಾಡುವವಳು, ಇಂದು ಮಾತ್ರ ಮಳ್ಳಿಯ ಹಾಗೆ ಕುದುರೆಗೆ ಕುದುರೆ ಒಡ್ಡಿದಳು. ಇವಳು ತನ್ನ ಕುದುರೆಯನ್ನು ಹಿಂದಕ್ಕೆ ಸರಿಸಿದಳು. ದೊಡ್ಡಕ್ಕ ಒಂಟೆ ಒಡ್ಡಿದಳು. ಇವಳು ಒಂಟೆಯನ್ನೂ ಒಂದು ಮನೆ ಪಕ್ಕಕ್ಕೆ ಎಳೆದುಕೊಂಡಳು. ಹಲಗೆ ಕಾಯಿಗಳಿಂದ ಗಿಜಿಗಿಜಿ ಅನ್ನುತ್ತಿತ್ತು. ಇಷ್ಟೊಂದು ಕಾಯಿಗಳ ನಡುವೆ ಇವಳು ಎಂದೂ ಇಷ್ಟು ಹೊತ್ತು ಕೂತವಳಲ್ಲ. ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಬೇರೆ ಯಾರದೋ ಕೈ ಕಾಯಿ ಎತ್ತಿಡುತ್ತಿರುವಂತೆ ನೋಡುತ್ತಿದ್ದಳು.

ದೊಡ್ಡಕ್ಕ ರಾಣಿಯನ್ನು ಎದುರಿಗೆ ತಂದಿಟ್ಟಳು. ಹೊಡೆದರೆ ಹೊಡಿ, ನಾನೂ ಹೊಡೆಯುತ್ತೇನೆ ಅನ್ನುವ ಹಾಗೆ. ಇವಳ ಕೈ ತಾನಾಗಿಯೇ ಅತ್ತ ಹೋಯಿತು. ನಡುದಾರಿಯಲ್ಲಿ ನಿಂತಿತು. ಆಮೇಲೆ ಇವಳು ರಾಣಿಯನ್ನು ಎತ್ತಿ ದೊಡ್ಡಕ್ಕನ ರಾಜ ಕೂತಿದ್ದ ಮೂಲೆಯ ಹತ್ತಿರ ಇಟ್ಟಳು. ಅಲ್ಲಿಂದ ಹೊಡೆಯುವುದಕ್ಕೆ ಏನೂ ಇರಲಿಲ್ಲ. ಸುಮ್ಮನೆ ನಿಂತಿತ್ತು, ಬಾಗಿಲಲ್ಲಿ ನಿಂತ ನೆಂಟರ ಹಾಗೆ.

"ಏನೇ ಇದು, ಕಣ್ಣಾಮುಚ್ಚಾಲೆ?" ದೊಡ್ಡಕ್ಕ ಕಾಲಾಳೊಂದನ್ನು ತಳ್ಳಿ ರಾಣಿಯನ್ನು ಅಟ್ಟಿದಳು. ರಾಣಿ ಒಂದು ಮನೆ ಸರಿಯಿತು. ಇನ್ನೊಂದು ಕಾಲಾಳು ತಳ್ಳಿದಳು. ರಾಣಿ ಮತ್ತೆ ಸರಿಯಿತು. ದೊಡ್ಡಕ್ಕ ಜಗ್ಗಿದಷ್ಟೂ ಇವಳು ಸಡಿಲ ಬಿಟ್ಟಳು.

"ನಂಗೆ ಹಸಿವಾಗ್ತಿದೆ ಕಣೇ. ಸಾಕು ಮಾಡೋಣ್ವಾ? ಡ್ರಾ." ದೊಡ್ಡಕ್ಕ ಹಲಗೆಯ ಮೇಲೆ ಕೈ ಚಾಚಿದಳು. ದೊಡ್ಡ ಕೈ, ಸೋಪಿನ ನೀರಿಗೆ ಬಿಳಿಚಿಕೊಂಡದ್ದು. ಚಾಚಿದ ಕೈ ಕಂಡರೆ ಕುಲುಕುವುದೊಂದೇ ಇವಳಿಗೆ ಗೊತ್ತಿದ್ದದ್ದು.

"ಬೇಡ" ಎಂದಳು.

ಬಾಯ್ಲರ್ ಮಾಮ ಸುತ್ತ ನೋಡಿದ. "ಯಾರು ಮಾತಾಡಿದ್ದು?"

ದೊಡ್ಡಕ್ಕನ ಮುಖ ಕೆಂಪಾಯಿತು. "ಹಾಗಾದ್ರೆ ಓಡಿಸ್ತೀನಿ ನೋಡು ನಿನ್ನ ರಾಣೀನ" ಎಂದು ಮತ್ತೊಂದು ಕಾಲಾಳನ್ನು ಮುಂದೆ ತಳ್ಳಿದಳು. ಅವಳ ರಾಜನ ಮುಂದಿದ್ದ ಕಾಲಾಳುಗಳ ಗೋಡೆ ಅಷ್ಟೂ ರಾಣಿಯನ್ನು ಅಟ್ಟುವುದಕ್ಕೆ ಎದ್ದು ಹೋಗಿತ್ತು. ಇವಳು ಯಾವಾಗಲೋ ಹಿಂದಕ್ಕೆ ಸರಿಸಿಟ್ಟಿದ್ದ ಕುದುರೆಯನ್ನು ಎತ್ತಿ ಆ ತೆರವಿನಲ್ಲಿ ಇಟ್ಟಳು. ಓಡಿಸಿದ ರಾಣಿ ಹೊರಳಿ ಬಂದಾಗ ಹಿಂದೆ ಇವಳ ಆನೆ, ಆ ದಾರದ ರೀಲು, ಕಾವಲಿತ್ತು. ರಾಜನಿಗೆ ಹೋಗಲು ಮನೆ ಇರಲಿಲ್ಲ.

ದೊಡ್ಡಕ್ಕ ಹಲಗೆಯ ಮೇಲೆ ಬಾಗಿ ಒಂದೊಂದೇ ಮನೆ ಎಣಿಸಿದಳು. ಆಮೇಲೆ ತನ್ನ ರಾಜನನ್ನು ಬೆರಳಲ್ಲಿ ಮೆಲ್ಲಗೆ ಮಲಗಿಸಿದಳು.

"ಬೆಳಗಿನ ಪಾಳಿ ಇಟ್ಕೊಂಡು ಏನು ಮಾಡ್ತೀಯೇ? ಮಧ್ಯಾಹ್ನ ನಿದ್ದೆನಾ?"

"ಅಪ್ಪ ಒಬ್ಬರೇ ಇರ್ತಾರೆ."

"ನಿಮ್ಮ ಚಿಕ್ಕಪ್ಪ ನೋಡ್ಕೋತಾರೆ ಅಂದ್ಕೊಂಡಿದ್ದೆ."

ಇವಳು ತಲೆಯಾಡಿಸಿದಳು. ಇಲ್ಲ.

ದೊಡ್ಡಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಬಿಟ್ಟುಕೊಡ್ತಿದ್ದೆನಲ್ಲೇ, ಮೂಗಿ!"

ಕೊಡುತ್ತಿದ್ದಳೋ ಇಲ್ಲವೋ. ಕೇಳುವುದಕ್ಕಿಂತ ಗೆಲ್ಲುವುದೇ ಇವಳಿಗೆ ಸುಲಭವಾಗಿತ್ತು. ಬಾಯ್ಲರ್ ಮಾಮ ಬೆನ್ನು ತಟ್ಟಿದ್ದು ದಪ್ಪ ಕಂಬಳಿಯ ಮೇಲೆ ತಟ್ಟಿದಂತೆ ಕೇಳಿಸಿತು.

ಮನೆಯಲ್ಲಿ ಅಪ್ಪ ಕಿಟಕಿಯ ಹತ್ತಿರ ಕೂತಿದ್ದ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಕಾಯುತ್ತಿದ್ದವಳು ಹೊರಟುಹೋದಳು. ಅಪ್ಪ ಸ್ವಾಧೀನವಿದ್ದ ಒಂದು ಕೈ ಎತ್ತಿ ಅಂಗೈಯನ್ನು ಆ ಕಡೆ ಈ ಕಡೆ ತೂಗಿದ. ಡ್ರಾ ತಾನೆ?

"ಗೆದ್ದೆ" ಎಂದಳು. "ಪಾಳಿ ನನಗೇ. ನೀವು ಎಲ್ಲಿಗೂ ಹೋಗೋದು ಬೇಡ."

ಅಪ್ಪ ಇವಳ ಹೆಬ್ಬೆರಳು ನೋಡಿದ. ಬೊಬ್ಬೆ ಎದ್ದಿತ್ತು. ಆಮೇಲೆ ಮೇಜಿನ ಕೆಳಗಿನ ಚೆಸ್ ಹಲಗೆಯತ್ತ ಕಣ್ಣು ಹಾಯಿಸಿದ. ಇವಳು ಕಾಯಿ ಜೋಡಿಸಿದಳು. ಸ್ವಲ್ಪ ಹೊತ್ತಿಗೇ ಅಪ್ಪ ಯಥಾಪ್ರಕಾರ ರಾಣಿಯನ್ನು ತಂದು ಎದುರಿಗಿಟ್ಟ.

ಇವಳು ತನ್ನ ರಾಣಿಯನ್ನು ಪಕ್ಕಕ್ಕೆ ಸರಿಸಿದಳು.

ಅಪ್ಪ ತಲೆ ಎತ್ತಿದ. "ಯಾಕೆ?" ಆ ಒಂದು ಮಾತು ಬಾಯಿಯ ಒಂದೇ ಬದಿಯಿಂದ, ಒದ್ದೆಯಾಗಿ ಬಂತು.

ಒಲೆಯ ಮೇಲೆ ಏನೂ ಇರಲಿಲ್ಲ. ಊಟಕ್ಕೆ ಕರೆಯುವವರು ಯಾರೂ ಇರಲಿಲ್ಲ.

"ಆಡಿ ಅಪ್ಪ" ಎಂದಳು. "ಅವಸರ ಏನಿದೆ."